ಗೋಸುಂಬೆಗೆ ಎಷ್ಟು ಜಾಗ ಬೇಕು?

ಬೇಲಿ ಸವರುವಾಗ ಗೋಸುಂಬೆ ಕಣ್ಣಿಗೆ ಬಿದ್ದರೆ ಹಳ್ಳಿಗಳಲ್ಲಿ ಸಾಮಾನ್ಯವಾಗಿ ಎರಡರಲ್ಲಿ ಒಂದು ನಡೆಯುತ್ತದೆ. ದೊಡ್ಡವರು ಅದನ್ನು ವಿಷಜಂತುವೆಂದು ಬಗೆದು ಹೊಡೆದು ಹಾಕುತ್ತಾರೆ. ಇಲ್ಲವೆ ಹುಡುಗರು ಅದರ ನಡುವಿಗೆ ದಾರ ಕಟ್ಟಿ ಮನೆಗೆ ತಂದು, ಬಣ್ಣ ಬದಲಾಯಿಸುವುದನ್ನು ನೋಡುವ ಆಸೆಯಿಂದ ರಟ್ಟಿನ ಪೆಟ್ಟಿಗೆಯಲ್ಲಿ ಇಡುತ್ತಾರೆ. ಪೆಟ್ಟಿಗೆಯೊಳಗೆ ಒಂದು ಬಟ್ಟಲು ನೀರು, ನಾಲ್ಕು ಎಲೆ, ಕೆಲವು ಸತ್ತ ನೊಣಗಳನ್ನು ಹಾಕಿರುತ್ತಾರೆ. ಪ್ರಾಣಿ ಯಾವುದನ್ನೂ ಮುಟ್ಟುವುದಿಲ್ಲ. ದಿನ ಕಳೆದಂತೆ ಕಣ್ಣು ಗುಳಿಬಿದ್ದು, ಮೈ ಒಣಗಿ ಸಾಯುತ್ತದೆ. ನೀರೂ ಆಹಾರವೂ ಪಕ್ಕದಲ್ಲೇ ಇದ್ದು ಸತ್ತದ್ದೇಕೆ ಎಂಬ ಪ್ರಶ್ನೆ ಉಳಿದುಬಿಡುತ್ತದೆ.

ಇಂತಹ ಸಾವಿಗೆ ಮುಖ್ಯ ಕಾರಣ ತಕ್ಕ ಜಾಗ ಸಿಗದೆ ಹೋಗುವುದು. ಈ ಪ್ರಾಣಿಯ ಮಟ್ಟಿಗೆ ಜಾಗ ಎಂದರೇನು ಎಂಬುದನ್ನು ತಿಳಿದುಕೊಂಡರೆ, ಅದನ್ನು ಪೆಟ್ಟಿಗೆಯಲ್ಲಿ ಏಕೆ ಇಡಬಾರದು, ಹೊಲದಲ್ಲಿ ಹೇಗೆ ಉಳಿಸಿಕೊಳ್ಳಬಹುದು ಎಂಬ ಎರಡೂ ವಿಷಯಗಳು ಸ್ಪಷ್ಟವಾಗುತ್ತವೆ.

ಪ್ರಾಣಿಯ ಪರಿಚಯ

ಗೋಸುಂಬೆಗೆ ಊಸರವಳ್ಳಿ ಎಂಬ ಹೆಸರೂ ಉಂಟು. ಬೇಲಿಯ ಮೇಲೆ ಕುಳಿತು ತಲೆ ಅಲ್ಲಾಡಿಸುವ, ಚುರುಕಾಗಿ ಓಡುವ ಓತಿಕ್ಯಾತ ಬೇರೆ, ಗೋಸುಂಬೆ ಬೇರೆ. ಗೋಸುಂಬೆಯ ಮೈ ಎರಡು ಪಕ್ಕಗಳಿಂದ ಒತ್ತಿದಂತೆ ಚಪ್ಪಟೆಯಾಗಿರುತ್ತದೆ. ನಡಿಗೆ ಬಹಳ ನಿಧಾನ. ಎರಡು ಕಣ್ಣುಗಳೂ ಬೇರೆ ಬೇರೆ ದಿಕ್ಕಿಗೆ ತಿರುಗುತ್ತವೆ. ಬಾಲದ ತುದಿ ಸುರುಳಿ ಸುತ್ತಿಕೊಳ್ಳುತ್ತದೆ. ನಮ್ಮ ದೇಶದ ಈ ಗೋಸುಂಬೆ ಬಾಲವೂ ಸೇರಿ ಒಂದು ಅಡಿಗಿಂತ ಹೆಚ್ಚು ಉದ್ದ ಬೆಳೆಯಬಲ್ಲದು. ದಕ್ಷಿಣ ಭಾರತದ ಒಣಭೂಮಿ ಪ್ರದೇಶಗಳಲ್ಲಿ, ಕುರುಚಲು ಕಾಡುಗಳಲ್ಲಿ ಮತ್ತು ಶ್ರೀಲಂಕಾದಲ್ಲಿ ಇದು ವಾಸಿಸುತ್ತದೆ. ಕರ್ನಾಟಕದ ಬಯಲುಸೀಮೆಯ ರೈತರಿಗೆ ಇದು ಹೊಸದಲ್ಲ.

ಇದಕ್ಕೆ ವಿಷವಿಲ್ಲ. ಹೆದರಿದಾಗ ಮೈ ಉಬ್ಬಿಸಿ, ಬಾಯಿ ತೆರೆದು, ಬುಸುಗುಟ್ಟುತ್ತದೆ. ಓಡಿ ತಪ್ಪಿಸಿಕೊಳ್ಳಲಾರದ ಪ್ರಾಣಿಗೆ ಇರುವ ರಕ್ಷಣೆ ಇಷ್ಟೇ. ಇದನ್ನು ನೋಡಿಯೇ ಜನ ವಿಷವಿದೆ ಎಂದು ತಿಳಿಯುತ್ತಾರೆ.

ಬಣ್ಣದ ವಿಷಯದಲ್ಲೂ ಒಂದು ತಪ್ಪು ತಿಳಿವಳಿಕೆ ಇದೆ. ಇಟ್ಟ ಜಾಗದ ಬಣ್ಣವನ್ನೆಲ್ಲ ಅದು ತಾಳುವುದಿಲ್ಲ. ಬಿಸಿಲು, ಚಳಿ, ಹೆದರಿಕೆ, ಎದುರಾಳಿಯ ಮೇಲಿನ ಸಿಟ್ಟು ಇವುಗಳಿಗೆ ತಕ್ಕಂತೆ ಬಣ್ಣ ಬದಲಾಗುತ್ತದೆ. ಪೆಟ್ಟಿಗೆಯಲ್ಲಿ ಮೈ ಕಪ್ಪಾಗಿ ನಿಂತರೆ ಅದು ಸಾಮಾನ್ಯವಾಗಿ ಸಂಕಟದ ಗುರುತು. ಹುಡುಗರಿಗೆ ಆಟವಾಗಿ ಕಾಣುವುದು ಪ್ರಾಣಿಗೆ ಪ್ರಾಣಸಂಕಟವಾಗಿರುತ್ತದೆ.

ಜಾಗವನ್ನು ಅಳೆಯುವ ಬಗೆ

ಡೀಪ್ ಲಿಟರ್ ಪದ್ಧತಿಯಲ್ಲಿ ಮೊಟ್ಟೆ ಕೋಳಿಯೊಂದಕ್ಕೆ ಎರಡರಿಂದ ಎರಡೂವರೆ ಚದರ ಅಡಿ ನೆಲ ಬೇಕೆಂಬುದು ರೈತರಿಗೆ ಗೊತ್ತು. ಕೋಳಿ ನೆಲದ ಮೇಲೆ ಓಡಾಡುವುದರಿಂದ ಈ ಲೆಕ್ಕ ಸರಿ. ಗೋಸುಂಬೆಯ ಜೀವನ ಹೆಚ್ಚಾಗಿ ಕೊಂಬೆಗಳ ಮೇಲೆ ಸಾಗುತ್ತದೆ. ಆದ್ದರಿಂದ ಅದಕ್ಕೆ ಚದರ ಅಡಿಯ ಲೆಕ್ಕ ಸಾಲದು, ಎತ್ತರವನ್ನೂ ಸೇರಿಸಿ ಘನ ಅಡಿಯಲ್ಲಿ ಅಳೆಯಬೇಕು. ಇದಕ್ಕೆ ಕಾರಣಗಳು ಹೀಗಿವೆ.

ಮೊದಲನೆಯದು, ಪಾದದ ರಚನೆ. ಗೋಸುಂಬೆಯ ಬೆರಳುಗಳು ಎರಡು ಮತ್ತು ಮೂರರ ಗುಂಪಾಗಿ ಕೂಡಿಕೊಂಡು ಇಕ್ಕಳದಂತಾಗಿವೆ. ಬೆರಳು ದಪ್ಪದ ಕೊಂಬೆಯನ್ನು ಇವು ಭದ್ರವಾಗಿ ಹಿಡಿಯುತ್ತವೆ. ಚಪ್ಪಟೆ ನೆಲದ ಮೇಲೆ ಹಿಡಿತ ಸಿಗುವುದಿಲ್ಲ.

ಎರಡನೆಯದು, ಶಾಖ. ಗೋಸುಂಬೆ ತನ್ನ ಮೈಯ ಶಾಖವನ್ನು ತಾನೇ ಉತ್ಪಾದಿಸಿಕೊಳ್ಳಲಾರದು. ಬೆಳಿಗ್ಗೆ ಗಿಡದ ಮೇಲ್ಭಾಗಕ್ಕೆ ಹತ್ತಿ, ಮೈಬಣ್ಣವನ್ನು ಗಾಢ ಮಾಡಿಕೊಂಡು ಬಿಸಿಲು ಕಾಯಿಸುತ್ತದೆ. ಬಿಸಿಲೇರಿದಾಗ ಎಲೆಗಳ ಒಳಕ್ಕೆ, ಕೆಳಕ್ಕೆ ಇಳಿಯುತ್ತದೆ. ಎತ್ತರ ಇದ್ದಷ್ಟೂ ಬಿಸಿಲು ನೆರಳುಗಳ ಆಯ್ಕೆ ಹೆಚ್ಚು. ಇದಲ್ಲದೆ, ಮೂಳೆ ಗಟ್ಟಿಯಾಗಲು ಬೇಕಾದ 'ಡಿ' ಜೀವಸತ್ವ ಮೈಯಲ್ಲಿ ತಯಾರಾಗಲು ನೇರ ಬಿಸಿಲು ಅಗತ್ಯ. ಬಿಸಿಲು ಕಾಣದ ಪ್ರಾಣಿಯ ಮೂಳೆ ಮೆತ್ತಗಾಗಿ ಕಾಲು ಸೊಟ್ಟಗಾಗುತ್ತವೆ.

ಮೂರನೆಯದು, ನೀರು. ಬಟ್ಟಲಿನಲ್ಲಿ ನಿಂತ ನೀರನ್ನು ಗೋಸುಂಬೆ ಸಾಮಾನ್ಯವಾಗಿ ನೀರೆಂದು ಗುರುತಿಸುವುದೇ ಇಲ್ಲ. ಎಲೆಗಳ ಮೇಲೆ ನಿಂತ ಇಬ್ಬನಿ ಮತ್ತು ಮಳೆಹನಿಗಳನ್ನು ನೆಕ್ಕಿ ಬಾಯಾರಿಕೆ ತೀರಿಸಿಕೊಳ್ಳುತ್ತದೆ. ಪೆಟ್ಟಿಗೆಯಲ್ಲಿಟ್ಟ ಪ್ರಾಣಿ ನೀರಿನ ಪಕ್ಕದಲ್ಲೇ ಬಾಯಾರಿ ಸಾಯುವುದು ಇದರಿಂದ. ಸತ್ತ ನೊಣಗಳನ್ನು ಮುಟ್ಟದಿರುವುದಕ್ಕೂ ಇಂಥದೇ ಕಾರಣವಿದೆ. ಅಲುಗಾಡುವ ಹುಳುವನ್ನು ಕಂಡಾಗ ಮಾತ್ರ ಅದು ತನ್ನ ಉದ್ದ ನಾಲಿಗೆಯನ್ನು ಚಾಚುತ್ತದೆ.

ನಾಲ್ಕನೆಯದು, ಒಂಟಿತನ. ಗೋಸುಂಬೆ ಗುಂಪಿನ ಪ್ರಾಣಿಯಲ್ಲ. ಎರಡು ಗಂಡುಗಳು ಎದುರಾದರೆ ಕಾದಾಡುತ್ತವೆ. ಚಿಕ್ಕ ಜಾಗದಲ್ಲಿ ಇನ್ನೊಂದರ ಕಣ್ಣಳವಿನಲ್ಲೇ ಸದಾ ಇರಬೇಕಾಗಿ ಬಂದರೂ ಮೇವು ಬಿಟ್ಟು ಸೊರಗುತ್ತದೆ.

ಐದನೆಯದು, ಮಣ್ಣು. ಹೆಣ್ಣು ಮೊಟ್ಟೆಯಿಡಲು ಗಿಡದಿಂದ ಇಳಿದು, ಸಡಿಲವಾದ ಮಣ್ಣಿನಲ್ಲಿ ಗುಂಡಿ ತೋಡಿ, ಮೊಟ್ಟೆಯಿಟ್ಟು ಮುಚ್ಚುತ್ತದೆ. ಮೊಟ್ಟೆಗಳು ಹಲವು ತಿಂಗಳು ಮಣ್ಣಿನಲ್ಲೇ ಇರುತ್ತವೆ.

ಪಂಜರದ ಲೆಕ್ಕ

ಅಮೆರಿಕ ಮತ್ತು ಯುರೋಪಿನಲ್ಲಿ ಗೋಸುಂಬೆಗಳನ್ನು ಸಾಕುವ ಹವ್ಯಾಸವಿದೆ. ಅಲ್ಲಿ ಹೆಚ್ಚಾಗಿ ಸಾಕುವುದು ಯೆಮನ್ ಮತ್ತು ಸೌದಿ ಅರೇಬಿಯ ಮೂಲದ, ತಲೆಯ ಮೇಲೆ ಎತ್ತರದ ಕಿರೀಟವಿರುವ ದೊಡ್ಡ ಜಾತಿಯನ್ನು. ಇದರ ಗಂಡು ಬಾಲವೂ ಸೇರಿ ಒಂದೂವರೆಯಿಂದ ಎರಡು ಅಡಿ ಬೆಳೆಯುತ್ತದೆ. ಇಂಥ ಒಂದು ಪ್ರಾಣಿಗೆ ಎರಡು ಅಡಿ ಉದ್ದ, ಎರಡು ಅಡಿ ಅಗಲ, ನಾಲ್ಕು ಅಡಿ ಎತ್ತರದ ಜಾಲರಿ ಪಂಜರ ಕನಿಷ್ಠ ಅಗತ್ಯವೆಂದು ಅನುಭವಸ್ಥರು ಹೇಳುತ್ತಾರೆ. ಗಾಜಿನ ಪೆಟ್ಟಿಗೆಯಲ್ಲಿ ಗಾಳಿ ಸರಿಯಾಗಿ ಆಡುವುದಿಲ್ಲ. ತನ್ನ ನೆರಳನ್ನೇ ಎದುರಾಳಿಯೆಂದು ತಿಳಿದು ಪ್ರಾಣಿ ಕಂಗೆಡುವುದೂ ಉಂಟು. ಆದ್ದರಿಂದಲೇ ಅವರು ಜಾಲರಿಯನ್ನು ಬಳಸುತ್ತಾರೆ. ಪಂಜರದೊಳಗೆ ಗಿಡ ಇಡಬೇಕು, ದಿನವೂ ನೀರು ಸಿಂಪಡಿಸಬೇಕು, ಬಿಸಿಲಿನ ಬದಲು ವಿಶೇಷ ದೀಪ ಹಾಕಬೇಕು. ಮಡಗಾಸ್ಕರ್ ದ್ವೀಪದ ಎರಡು ಅಡಿ ಉದ್ದದ ಭಾರಿ ಗೋಸುಂಬೆಗಳಿಗೆ ಇದೂ ಸಾಲದೆಂದು ಮನೆಯ ಕೋಣೆಯನ್ನೇ ಬಿಟ್ಟುಕೊಡುವವರಿದ್ದಾರೆ.

ಹವ್ಯಾಸದಿಂದ ಬೇರೆ ತೊಂದರೆಯೂ ಹುಟ್ಟಿದೆ. ಪೂರ್ವ ಆಫ್ರಿಕದ ಮೂರು ಕೊಂಬಿನ ಗೋಸುಂಬೆಗಳನ್ನು 1972ರಲ್ಲಿ ಹವಾಯಿ ದ್ವೀಪಗಳಿಗೆ ಮಾರಾಟಕ್ಕೆ ತರಲಾಯಿತು. ಅವು ತೋಟ ಸೇರಿ, ಕಾಡಿಗೆ ಹಬ್ಬಿ, ಅಲ್ಲಿನ ಅಪರೂಪದ ಬಸವನಹುಳು ಮತ್ತು ಕೀಟಗಳನ್ನು ತಿನ್ನತೊಡಗಿದವು. ಸಾಕಲಾರದೆ ಹೊರಗೆ ಬಿಡುವುದೂ ಅಪಾಯವೆಂಬುದಕ್ಕೆ ಇದು ಸಾಕ್ಷಿ.

ನಮ್ಮ ಗೋಸುಂಬೆಯನ್ನಂತೂ ಎಷ್ಟು ದೊಡ್ಡ ಪಂಜರ ಕಟ್ಟಿದರೂ ಸಾಕುವಂತಿಲ್ಲ. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಗೆ ಒಳಪಟ್ಟಿದೆ. ಹಿಡಿಯುವುದು, ಕೂಡಿಹಾಕುವುದು, ಮಾರುವುದು, ಕೊಲ್ಲುವುದು ಇವೆಲ್ಲ ಅಪರಾಧ. ಹೊರದೇಶದ ಗೋಸುಂಬೆಗಳನ್ನು ಇಟ್ಟುಕೊಂಡವರು ಅವುಗಳನ್ನು ನೋಂದಾಯಿಸಬೇಕೆಂಬ ವಿಧಿಯೂ 2022ರ ತಿದ್ದುಪಡಿಯಿಂದ ಬಂದಿದೆ.

ಬೇಲಿಯೇ ತಕ್ಕ ಮನೆ

ಹಾಗಾದರೆ ರೈತನು ಗೋಸುಂಬೆಗೆ ಜಾಗ ಕೊಡುವುದು ಹೇಗೆ? ಸಜೀವ ಬೇಲಿಯಿಂದ. ಇಲ್ಲಿ ಒಂದು ಸಣ್ಣ ಲೆಕ್ಕ ನೋಡಬಹುದು. ಚೌಕಾಕಾರದ ಒಂದು ಎಕರೆ ಹೊಲದ ಒಂದು ಬದಿ ಸುಮಾರು 209 ಅಡಿ. ಆ ಒಂದು ಬದಿಯಲ್ಲಿ ಮೂರು ಅಡಿ ಅಗಲ, ಐದು ಅಡಿ ಎತ್ತರದ ಬೇಲಿ ಇದ್ದರೆ ಅದರ ಗಾತ್ರ 3,135 ಘನ ಅಡಿ. ಮೇಲೆ ಹೇಳಿದ ಪಂಜರದ ಗಾತ್ರ ಕೇವಲ 16 ಘನ ಅಡಿ. ಅಂದರೆ ಬೇಲಿಯ ಗಾತ್ರ ಸುಮಾರು 196 ಪಂಜರಗಳಿಗೆ ಸಮ. ಬಿಸಿಲು, ಇಬ್ಬನಿ, ಹುಳು, ಮಣ್ಣು ಎಲ್ಲವೂ ಅಲ್ಲಿ ತಾವಾಗಿಯೇ ಸಿಗುತ್ತವೆ. ಇದಕ್ಕೆ ಹಿಡಿಯುವ ನೆಲ 627 ಚದರ ಅಡಿ, ಅಂದರೆ ಅರ್ಧ ಗುಂಟೆಗಿಂತ ತುಸು ಹೆಚ್ಚು.

ಈಗ ಅನೇಕ ಕಡೆ ಹಳೆಯ ಬೇಲಿಗಳನ್ನು ಬುಡಸಹಿತ ಕಿತ್ತು, ಕಲ್ಲುಕಂಬ ನೆಟ್ಟು ತಂತಿ ಎಳೆಯಲಾಗುತ್ತಿದೆ. ತಂತಿ ದನಗಳನ್ನು ತಡೆಯುತ್ತದೆ, ನಿಜ. ಆದರೆ ನಿಧಾನವಾಗಿ ನಡೆಯುವ ಗೋಸುಂಬೆ ಇನ್ನೊಂದು ಗಿಡ ಹುಡುಕಿಕೊಂಡು ಬಯಲನ್ನೋ ರಸ್ತೆಯನ್ನೋ ದಾಟಬೇಕಾಗುತ್ತದೆ. ಆಗ ಹದ್ದು, ನಾಯಿ ಅಥವಾ ವಾಹನಕ್ಕೆ ಬಲಿಯಾಗುವ ಸಂಭವ ಹೆಚ್ಚು. ತಂತಿ ಹಾಕಿದವರೂ ಅದರ ಪಕ್ಕದಲ್ಲೇ ಗಿಡಗಳ ಸಾಲನ್ನು ಉಳಿಸಿಕೊಳ್ಳಬಹುದು.

ಸಜೀವ ಬೇಲಿಯಿಂದ ಬೆಳೆಗೆ ನೆರಳು ಬೀಳುತ್ತದೆ, ಬೇರುಗಳು ಸಾರ ಎಳೆಯುತ್ತವೆ ಎಂಬ ದೂರು ನ್ಯಾಯವಾದದ್ದೇ. ಇದಕ್ಕೆ ವರ್ಷವೂ ಐದು ಅಡಿಗೆ ತಲೆ ಸವರುವುದು, ಬೆಳೆಯ ಕಡೆಗೆ ಒಂದು ಅಡಿ ಅಗಲ, ಎರಡು ಅಡಿ ಆಳದ ಕಂದಕ ತೆಗೆದು ಬೇರು ಕತ್ತರಿಸುವುದು ಪರಿಹಾರ. ಗೋಸುಂಬೆಯಿಂದ ಬೆಳೆಯ ಕೀಟಗಳೆಲ್ಲ ನಾಶವಾಗುತ್ತವೆಂದು ಭಾವಿಸುವುದೂ ಸರಿಯಲ್ಲ. ಅದು ಮಿಡತೆಯನ್ನೂ ತಿನ್ನುತ್ತದೆ, ಚಿಟ್ಟೆಯನ್ನೂ ತಿನ್ನುತ್ತದೆ. ಆದರೆ ಅದಕ್ಕೆ ಆಶ್ರಯ ಕೊಡುವ ಬೇಲಿಯು ಗಾಳಿಯನ್ನು ತಡೆದು, ಬದುವಿನ ಮಣ್ಣನ್ನು ಹಿಡಿದು, ಹಸಿರೆಲೆ ಗೊಬ್ಬರ ಒದಗಿಸಿ ರೈತನ ಋಣ ತೀರಿಸುತ್ತದೆ.

ಅನುಸರಿಸಬೇಕಾದ ಕ್ರಮಗಳು

1. ಬೇಲಿಗೆ ತೆಳು ಕೊಂಬೆಗಳು ಹೆಣೆದುಕೊಳ್ಳುವ ಲಕ್ಕಿ, ಬಂದರಿಕೆ, ಕವಳೆ, ಸೀಗೆ, ಗೊಬ್ಬರದ ಗಿಡ ಮುಂತಾದವನ್ನು ಬೆರೆಸಿ ನೆಡಬೇಕು. ಕತ್ತಾಳೆಯೊಂದೇ ಇದ್ದರೆ ಹತ್ತಲು ಕೊಂಬೆ ಸಿಗುವುದಿಲ್ಲ. ಲಂಟಾನ ಮತ್ತು ಬಳ್ಳಾರಿ ಜಾಲಿ ಹೊಲಕ್ಕೆ ಹಬ್ಬುವುದರಿಂದ ಹೊಸದಾಗಿ ನೆಡಬಾರದು.

2. ಮಳೆ ಪ್ರಾರಂಭವಾದೊಡನೆ ಒಂದೂವರೆ ಅಡಿ ಅಂತರದಲ್ಲಿ ನೆಡುವುದು ಸೂಕ್ತ. ನಡುವೆ ಗಿಡ ಸತ್ತ ಕಡೆ ಮರುವರ್ಷ ಮತ್ತೆ ನೆಟ್ಟು ಸಾಲು ಕಡಿಯದಂತೆ ನೋಡಿಕೊಳ್ಳಬೇಕು.

3. ಇಡೀ ಬೇಲಿಯನ್ನು ಒಮ್ಮೆಲೇ ಸವರಬಾರದು. ಈ ವರ್ಷ ಅರ್ಧ, ಮುಂದಿನ ವರ್ಷ ಉಳಿದರ್ಧ ಎಂಬಂತೆ ಸವರಿದರೆ ಪ್ರಾಣಿಗೆ ಸರಿದುಕೊಳ್ಳಲು ಜಾಗವಿರುತ್ತದೆ.

4. ಸವರುವ ಹಿಂದಿನ ರಾತ್ರಿ ಬ್ಯಾಟರಿ ಹಿಡಿದು ಬೇಲಿಯುದ್ದಕ್ಕೂ ಒಮ್ಮೆ ನೋಡಬೇಕು. ಗೋಸುಂಬೆ ಕೊಂಬೆಯ ತುದಿಯಲ್ಲಿ ಮಲಗುತ್ತದೆ. ಆಗ ಅದರ ಮೈ ಬಿಳಿಚಿಕೊಂಡು ಬೆಳಕಿಗೆ ಸುಲಭವಾಗಿ ಕಾಣುತ್ತದೆ. ಆ ಗಿಡಕ್ಕೆ ಗುರುತು ಕಟ್ಟಿ ಸದ್ಯಕ್ಕೆ ಬಿಟ್ಟುಬಿಡಬೇಕು.

5. ಬೇಲಿಯ ಬುಡಕ್ಕೆ ಬೆಂಕಿ ಹಾಕಬಾರದು. ಬುಡದಿಂದ ಎರಡು ಅಡಿಯಷ್ಟು ನೆಲವನ್ನು ಉಳದೆ ಬಿಟ್ಟರೆ ಮೊಟ್ಟೆಗಳು ಉಳಿಯುತ್ತವೆ. ಕಂದಕವನ್ನೂ ಈ ಅಂತರದಿಂದಾಚೆಗೆ ತೆಗೆಯಬೇಕು.

6. ಬೆಳೆಗೆ ಕೀಟನಾಶಕ ಸಿಂಪಡಿಸುವಾಗ ಗಾಳಿಯ ದಿಕ್ಕು ನೋಡಿ, ಮದ್ದು ಬೇಲಿಗೆ ತಾಗದಂತೆ ಎಚ್ಚರ ವಹಿಸಬೇಕು. ವಿಷ ತಗುಲಿದ ಹುಳುವನ್ನು ತಿಂದ ಪ್ರಾಣಿಗೂ ಅಪಾಯ ತಪ್ಪದು.

7. ದಾರಿಯಲ್ಲಿ ಸಿಕ್ಕ ಗೋಸುಂಬೆಯನ್ನು ಕೈಯಿಂದ ಎಳೆಯಬಾರದು. ಮುಂದೆ ಒಂದು ಕೋಲು ಹಿಡಿದರೆ ತಾನೇ ಹತ್ತುತ್ತದೆ. ಅದು ಹೋಗುತ್ತಿದ್ದ ಕಡೆಯ ಹತ್ತಿರದ ಬೇಲಿಗೆ ಬಿಟ್ಟರೆ ಸಾಕು. ಗಾಯವಾಗಿದ್ದರೆ ವಲಯ ಅರಣ್ಯಾಧಿಕಾರಿಗಳ ಕಛೇರಿಗೆ ತಿಳಿಸಬೇಕು.

ಗ್ರಾಮ ಮಟ್ಟದ ವಿಸ್ತರಣಾ ಕಾರ್ಯಕರ್ತರು ಈ ವಿಷಯವನ್ನು ಶಾಲೆಯ ಮಕ್ಕಳಿಗೂ ತಿಳಿಸುವುದು ಒಳ್ಳೆಯದು. ಗೋಸುಂಬೆಯನ್ನು ನೋಡುವ ಕುತೂಹಲ ತಪ್ಪಲ್ಲ. ಬೆಳಗಿನ ಎಳೆಬಿಸಿಲಿನಲ್ಲಿ ಬೇಲಿಯ ಬಳಿ ಸದ್ದು ಮಾಡದೆ ನಿಂತರೆ ಬಣ್ಣ ಬದಲಾಯಿಸುವುದನ್ನೂ ನಾಲಿಗೆ ಚಾಚಿ ಹುಳು ಹಿಡಿಯುವುದನ್ನೂ ಅಲ್ಲೇ ನೋಡಬಹುದು. ಪೆಟ್ಟಿಗೆಯಲ್ಲಿ ಕೆಲವೇ ದಿನ ಬದುಕುವ ಪ್ರಾಣಿ, ಅರ್ಧ ಗುಂಟೆಯಷ್ಟು ನೆಲ ಬಿಟ್ಟುಕೊಟ್ಟ ಹೊಲದಲ್ಲಿ ಮರಿ ಮಾಡಿ ಬಾಳುತ್ತದೆ.