ತಂಬಿಗೆಯ ಪಾಠ, ಪಾವಗಡದ ಪ್ರಶ್ನೆ

ವಿನ್ಯಾಸವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಸೀರೆಯ ಸೆರಗು, ಒಡವೆಯ ಕುಸುರಿ. ಆದರೆ 1958ರಲ್ಲಿ ಭಾರತ ಸರ್ಕಾರಕ್ಕೆ ವರದಿ ಬರೆದುಕೊಟ್ಟ ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು ಮೆಚ್ಚಿ ಕೊಂಡಾಡಿದ್ದು ನಮ್ಮ ಮನೆಮನೆಯ ತಂಬಿಗೆಯನ್ನು! ಎಷ್ಟು ನೀರು ಹಿಡಿಸಬೇಕು, ಹೊತ್ತರೆ ಹೇಗೆ ಕೂರಬೇಕು, ಬಗ್ಗಿಸಿದರೆ ಹೇಗೆ ಸುರಿಯಬೇಕು ಎಂಬುದನ್ನೆಲ್ಲ ತಲೆಮಾರುಗಳ ಕೈಗಳೇ ತಿದ್ದಿ ನಿರ್ಣಯಿಸಿವೆಯೆಂದು ಅವರು ಕಂಡುಕೊಂಡರು. ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಬಳಸುವವರನ್ನು ಮೊದಲು ಕೇಳುವುದು, ಚಿಕ್ಕದಾಗಿ ಮಾಡಿ ನೋಡುವುದು, ತಪ್ಪಿದಲ್ಲಿ ತಿದ್ದುವುದು: ವಿನ್ಯಾಸದ ಮರ್ಮವೆಲ್ಲ ಇಷ್ಟೆ.

ಈ ಮರ್ಮವನ್ನು ಹಳ್ಳಿಯ ತರುಣರ ಬಾಳಿಗೆ ಅನ್ವಯಿಸಲಾಗದೆ?

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದೆ. ಮಳೆ ಕೈಕೊಟ್ಟರೆ ಇಲ್ಲಿ ಕಡಲೆಕಾಯಿ ಬಳ್ಳಿ ಬಾಡುತ್ತದೆ. ಓದಿದ ಹುಡುಗನ ಕಣ್ಣು ಬೆಂಗಳೂರಿನ ಬಸ್ಸಿನತ್ತ ತಿರುಗುತ್ತದೆ.

ಪಾವಗಡದ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ ಸೌರ ಉದ್ಯಾನವೊಂದು ಎದ್ದಿತು. 2018ರಲ್ಲಿ ಉದ್ಘಾಟನೆಗೊಂಡ ಅದರ ಸಾಮರ್ಥ್ಯ 2,050 ಮೆಗಾವಾಟ್. ಸರ್ಕಾರ ಭೂಮಿಯನ್ನು ಕಸಿಯಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ, ಕಾಲಕಾಲಕ್ಕೆ ಏರುವ ಗುತ್ತಿಗೆಗೆ ಪಡೆಯಿತು. ಒಡೆತನ ರೈತನಲ್ಲೇ ಉಳಿಯಿತು. ಇದು ಜಾಣ ವಿನ್ಯಾಸವೆನ್ನಲು ಅಡ್ಡಿಯಿಲ್ಲ. ಆದರೆ ಹೊಲವಿದ್ದವನಿಗೆ ಗುತ್ತಿಗೆ ಹಣ ಬಂದಿತು. ಆ ಹೊಲದಲ್ಲಿ ಕೂಲಿ ಮಾಡುತ್ತಿದ್ದವನಿಗೆ ಕೂಲಿಯೇ ಹೋಯಿತು. ತರುಣರಿಗೆ ದೊರೆತುದು ಬಹುಮಟ್ಟಿಗೆ ಕಾವಲು, ಹುಲ್ಲು ಕೊಯ್ಯುವುದು, ಫಲಕ ತೊಳೆಯುವುದು. ನನ್ನ ತರಗತಿಯಲ್ಲಿದ್ದ ಆ ಸೀಮೆಯ ಹುಡುಗನೊಬ್ಬ ಒಮ್ಮೆ ಕೇಳಿದ: “ನಮ್ಮ ಹೊಲದಲ್ಲಿ ಈಗ ಬೆಳಕು ಬೆಳೆಯುತ್ತದೆ ಸಾರ್, ನಾನೇನು ಬೆಳೆಯಲಿ?” ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರವನ್ನು ಅವನ ಕೈಯಿಂದಲೇ ಹುಡುಕಿಸಬೇಕಾಗಿತ್ತೆಂದು ಈಗ ತೋರುತ್ತದೆ. ಆ ಸೀಮೆಯ ಅಂತರ್ಜಲದಲ್ಲಿ ಫ್ಲೋರೈಡು ಹೆಚ್ಚು. ಹಲ್ಲು ಕಂದಿದ ಮಕ್ಕಳು ಅಪರೂಪವಲ್ಲ. ಪ್ರೌಢಶಾಲೆಯ ಮಕ್ಕಳು ಮನೆಮನೆಗೆ ಹೋಗಿ, ಕುಡಿಯುವ ನೀರು ಯಾವ ಕೊಳವೆಬಾವಿಯದು, ಹೊರುವವರು ಯಾರು, ದೂರವೆಷ್ಟು ಎಂದು ಕೇಳಲಿ. ಊರಿನ ನಕ್ಷೆ ಬರೆಯಲಿ. ಒಂದೇ ಬೀದಿಗೆ ಪರಿಹಾರವೊಂದನ್ನು ಹೂಡಿ ನೋಡಲಿ, ಕೆಟ್ಟರೆ ತಿದ್ದಲಿ. ಫಲಿತಾಂಶವನ್ನು ಮಕ್ಕಳ ಗ್ರಾಮಸಭೆಯಲ್ಲಿ ಮಂಡಿಸಲಿ. ಪಂಚಾಯಿತಿಯ ಹಿರಿಯರು ಅದನ್ನು ಕೇಳುವುದಷ್ಟೇ ಅಲ್ಲ, ಉತ್ತರವನ್ನೂ ಕೊಡಲಿ.

ಇದರಿಂದ ನಾಳೆಯೇ ಉದ್ಯೋಗ ಸಿಕ್ಕೀತೆಂದು ನಾನು ಹೇಳಲಾರೆ. ಆದರೆ ತನ್ನೂರಿನ ತೊಡಕನ್ನು ತಾನೇ ಅಳೆದು ಬಿಡಿಸಲೆತ್ನಿಸಿದ ಹುಡುಗ, ಬೆಂಗಳೂರಿನ ಬಸ್ಸನ್ನು ಹತ್ತಿದರೂ ಬೇರೆ ದಾರಿಯಿಲ್ಲದವನಂತೆ ಹತ್ತಲಾರ. ತಂಬಿಗೆಯನ್ನು ರೂಪಿಸಿದವರು ಪರಸ್ಥಳದ ಪಂಡಿತರಲ್ಲ, ಅದರಲ್ಲಿ ನೀರು ಕುಡಿದವರು. ಊರನ್ನು ರೂಪಿಸುವವರೂ ಅಲ್ಲಿನ ನೀರು ಕುಡಿಯುವವರೇ ಆಗಬೇಡವೆ?