ಮುಳ್ಳು ಕಳಚಿಟ್ಟ ಹಂಬು

ಮಾರ್ಚ್ ಮುಗಿಯುತ್ತ ಬಂದರೂ ಹಿಲ್ಸ್‌ಬರೊ ಊರನ್ನು ಜಿನುಗು ಮಳೆ ಬಿಟ್ಟು ಹೋಗುವುದಿಲ್ಲ. ಅಮೆರಿಕದ ಆರೆಗಾನ್ ರಾಜ್ಯದಲ್ಲಿ, ಪೋರ್ಟ್‌ಲ್ಯಾಂಡ್ ನಗರದ ಪಡುವಣಕ್ಕೆ, ಇಂಟೆಲ್ ಕಂಪನಿಯ ದೊಡ್ಡ ದೊಡ್ಡ ಕಟ್ಟಡಗಳ ಸುತ್ತ ಬೆಳೆದ ಊರಿದು. ಕನ್ನಡದ ಮನೆಗಳೂ ಸಾಕಷ್ಟಿವೆ. ಶನಿವಾರ ಬೆಳಿಗ್ಗೆ ಯಾವುದೋ ಕಿಟಕಿಯಿಂದ ಸಾಸಿವೆ ಒಗ್ಗರಣೆಯ ಘಮ ಬಂದರೆ ಅಚ್ಚರಿಪಡಬೇಕಿಲ್ಲ. ಅಂಥದೊಂದು ಮನೆಯ ಹಿತ್ತಿಲಿಗೆ ಹೋಗೋಣ ಬನ್ನಿ. ಮರದ ಹಲಗೆಯ ಬೇಲಿ, ಅದರ ಬುಡಕ್ಕೆ ಹಸಿರು ಪಾಚಿ. ಮನೆಯೊಳಗೆ ಹೀಟರಿನ ಪಕ್ಕ ಬೆಚ್ಚಗೆ ಕೂತಿರುವ ಕರಿಬೇವು ಹೊರಬರಲು ಇನ್ನೂ ಎರಡು ತಿಂಗಳಿದೆ. ಇಲ್ಲಿಯದು ಜೇಡಿಮಣ್ಣು, ಬೂಟಿಗೆ ಅಂಟಿಕೊಂಡು ಮನೆಯೊಳಗೂ ಬರುತ್ತದೆ. ನೀರು ನಿಂತರೆ ನೆಡಲಿರುವ ಬ್ಲ್ಯಾಕ್‌ಬೆರಿಯ ಬೇರು ಕೊಳೆತೀತೆಂದು ಬೇಲಿಯುದ್ದಕ್ಕೂ ಮಣ್ಣೇರಿಸಿ ಮಡಿ ಮಾಡಿದ್ದಾರೆ. ಕಳೆದ ವರ್ಷ ಟೊಮೆಟೊ ಬೆಳೆದ ಪಾತಿಯನ್ನು ಬೇಕೆಂದೇ ಬಿಟ್ಟಿದ್ದಾರೆ: ಟೊಮೆಟೊ, ಬದನೆ, ಆಲೂಗೆಡ್ಡೆ ಬೆಳೆದ ಮಣ್ಣಿನಲ್ಲಿ ಉಳಿದುಕೊಳ್ಳುವ ಸೊರಗು ರೋಗದ ಶಿಲೀಂಧ್ರ ಬ್ಲ್ಯಾಕ್‌ಬೆರಿಗೂ ತಗಲುತ್ತದೆ.

ನರ್ಸರಿಯಿಂದ ಬಂದ ಸಸಿಗಳು ಮೆಟ್ಟಿಲ ಮೇಲೆ ಕೂತಿವೆ. ಅಂಗೈಯಗಲದ ಕಪ್ಪು ಪ್ಲಾಸ್ಟಿಕ್ ಕುಂಡ, ನಡುವೆ ಗೇಣುದ್ದದ ಎಳೆ ಕಡ್ಡಿ, ಅದರ ಮೇಲೆ ನಾಲ್ಕಾರು ಎಲೆ, ಎಲೆಯಂಚೆಲ್ಲ ಹಲ್ಲು ಹಲ್ಲು. ಕುಂಡಕ್ಕೆ ಸಿಕ್ಕಿಸಿದ ಚೀಟಿಯಲ್ಲಿ ‘ಟ್ರಿಪಲ್ ಕ್ರೌನ್, ಮುಳ್ಳಿಲ್ಲದ್ದು’ ಎಂದಿದೆ. ತೀರ್ಥಹಳ್ಳಿಯಿಂದ ಆರು ತಿಂಗಳಿಗೆಂದು ಬಂದಿರುವ ಅಮ್ಮ ಶಾಲು ಹೊದ್ದು ಬಾಗಿಲಲ್ಲೇ ನಿಂತು ನೋಡುತ್ತಾರೆ. “ಈ ಕಡ್ಡಿಗೆ ಅಷ್ಟೊಂದು ದುಡ್ಡಾ? ನಮ್ಮೂರ ಬೇಲೀಲಾಗಿದ್ರೆ ಕತ್ತೀಲಿ ಸವರಿ ಹಾಕ್ತಿದ್ರು.” ಅಮ್ಮನ ಮಾತು ಪೂರ್ತಿ ತಮಾಷೆಯಲ್ಲ. ಪಶ್ಚಿಮ ಘಟ್ಟದ ಕಾಡಂಚುಗಳಲ್ಲೂ ಇದೇ ರೂಬಸ್ ಕುಲದ ಮುಳ್ಳುಪೊದೆಗಳಿವೆ. ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡು ಮಕ್ಕಳು ಮೊಣಕೈ ತರಚಿಸಿಕೊಂಡು ಮನೆಗೆ ಬರುತ್ತಾರೆ.

ಮಗಳು ಕುಂಡವನ್ನು ಬೋರಲು ಹಾಕಿ ತಟ್ಟುತ್ತಾಳೆ. ಬಿಳಿ ಬೇರಿನ ಗೊಂಚಲು ಕುಂಡದ ಆಕಾರದಲ್ಲೇ ಹೊರಬರುತ್ತದೆ. ಸುತ್ತಿಕೊಂಡ ಬೇರನ್ನು ಬೆರಳಲ್ಲಿ ಸಡಿಲಿಸಿ, ಕುಂಡದಲ್ಲಿ ಎಷ್ಟು ಆಳಕ್ಕಿತ್ತೋ ಅಷ್ಟೇ ಆಳಕ್ಕೆ ಇಟ್ಟು, ಸುತ್ತ ಮಣ್ಣು ಅದುಮಿ, ಮಳೆ ಬರುತ್ತಿದ್ದರೂ ಒಂದು ಚೊಂಬು ನೀರು ಹೊಯ್ಯುತ್ತಾಳೆ: ಬೇರಿಗೂ ಮಣ್ಣಿಗೂ ನಡುವೆ ಗಾಳಿ ಉಳಿಯಬಾರದು. ಮೇಲೆ ಮರದ ಹೊಟ್ಟಿನ ಹೊದಿಕೆ. ಒಂದರಿಂದ ಇನ್ನೊಂದಕ್ಕೆ ಐದಾರು ಅಡಿ. ಮೊಣಕಾಲೆತ್ತರವೂ ಇಲ್ಲದ ಸಸಿಗೆ ಇಷ್ಟೊಂದು ಜಾಗ ಏಕೆಂದು ಈಗ ಯಾರಿಗಾದರೂ ಅನ್ನಿಸುತ್ತದೆ, ಆಗಸ್ಟಿನಲ್ಲಿ ಅನ್ನಿಸುವುದಿಲ್ಲ. ಬೇಲಿಗೆ ಸಮಾನಾಂತರವಾಗಿ ಗೂಟ ನೆಟ್ಟು ಮೂರಡಿ ಮತ್ತು ಐದಡಿ ಎತ್ತರದಲ್ಲಿ ಎರಡು ತಂತಿ ಬಿಗಿಯುವ ಕೆಲಸ ಮಧ್ಯಾಹ್ನಕ್ಕೆ, ಅಳಿಯ ಎದ್ದ ಮೇಲೆ.

ಈ ಸಸಿಗಳ ಬೆಲೆ ತಿಳಿಯಬೇಕಾದರೆ ಬೀದಿಯ ಕೊನೆಯ ತೊರೆಯವರೆಗೆ ನಡೆಯಬೇಕು. ದಡದ ತುಂಬ ಆಳೆತ್ತರದ ಪೊದೆ, ಹೆಬ್ಬೆರಳಿನ ದಪ್ಪದ ಹಂಬುಗಳು, ಒಂದೊಂದರ ಮೈಮೇಲೂ ಹಿಂದಕ್ಕೆ ಬಾಗಿದ ಕೆಂಪು ಬುಡದ ಮುಳ್ಳು. ಒಳಗೆ ಕೈ ಹಾಕುವುದು ಸುಲಭ, ತೆಗೆಯುವುದು ಕಷ್ಟ. ಇದರ ಹೆಸರು ಹಿಮಾಲಯನ್ ಬ್ಲ್ಯಾಕ್‌ಬೆರಿ. ಕ್ಯಾಲಿಫೋರ್ನಿಯಾದ ಹೆಸರಾಂತ ತಳಿಗಾರ ಲೂಥರ್ ಬರ್ಬ್ಯಾಂಕ್ ಭಾರತದಿಂದ ತರಿಸಿದ ಬೀಜದಿಂದ ಬೆಳೆಸಿ 1885ರಲ್ಲಿ ಮಾರಾಟಕ್ಕಿಟ್ಟ. ಹಿಮಾಲಯಕ್ಕೂ ಈ ಗಿಡಕ್ಕೂ ಸಂಬಂಧವಿಲ್ಲ, ಇದು ಆರ್ಮೇನಿಯಾ ಕಡೆಯದು ಎಂದು ಗೊತ್ತಾಗುವ ಹೊತ್ತಿಗೆ ಅದು ತೋಟದ ಬೇಲಿ ಹಾರಿಯಾಗಿತ್ತು. ಇವತ್ತು ಆರೆಗಾನ್ ಸರ್ಕಾರದ ಪಟ್ಟಿಯಲ್ಲಿ ಅದು ಉಪದ್ರವಿ ಕಳೆ. ರೈಲುಹಳಿ, ತೊರೆ, ಖಾಲಿ ಸೈಟು ಎಲ್ಲೆಡೆ ಅದೇ. ಅದನ್ನು ಮೇಯಿಸಿ ಮುಗಿಸಲು ಆಡಿನ ಮಂದೆಯನ್ನು ಬಾಡಿಗೆಗೆ ತರುವವರೂ ಇದ್ದಾರೆ. ಆದರೂ ಆಗಸ್ಟ್ ಬಂದಿತೆಂದರೆ ಉದ್ದ ತೋಳಿನ ಅಂಗಿ ತೊಟ್ಟು, ಬಕೆಟ್ ಹಿಡಿದು, ಇದೇ ಕಳೆಯ ಮುಂದೆ ಊರವರು ಸಾಲುಗಟ್ಟುತ್ತಾರೆ. ಬಿಟ್ಟಿ ಹಣ್ಣಿಗೆ ಗೀರುಗಾಯದ ತೆರಿಗೆ.

ಮುಳ್ಳು ಹೋಗಿದ್ದು ಸುಲಭಕ್ಕಲ್ಲ. ಇಂಗ್ಲೆಂಡಿನ ಮರ್ಟನ್‌ನಲ್ಲಿದ್ದ ಜಾನ್ ಇನ್ಸ್ ತೋಟಗಾರಿಕಾ ಸಂಸ್ಥೆಯಿಂದ 1930ರ ದಶಕದಲ್ಲಿ ‘ಮರ್ಟನ್ ಥಾರ್ನ್‌ಲೆಸ್’ ಎಂಬ ಗಿಡ ಬಂತು. ಅದನ್ನು ಮುಳ್ಳಿನ ತಳಿಗಳ ಜೊತೆ ಕೂಡಿಸಿದರೆ ಮಕ್ಕಳೆಲ್ಲ ಮುಳ್ಳಿನವೇ. ಮುಳ್ಳಿಲ್ಲದ ಗುಣ ಒಳಗೆ ಅಡಗಿ ಕೂರುತ್ತದೆ. ಆ ಮಕ್ಕಳನ್ನು ಮತ್ತೆ ತಮ್ಮತಮ್ಮಲ್ಲೇ ಕೂಡಿಸಿದಾಗ, ಲೆಕ್ಕದ ಪ್ರಕಾರ 36 ಸಸಿಗೆ ಒಂದು ಮಾತ್ರ ನುಣುಪು ಮೈಯದು. ಆ ಒಂದರಲ್ಲಿ ರುಚಿಯೂ ಇರಬೇಕು, ಇಳುವರಿಯೂ ಇರಬೇಕು. ಅಮೆರಿಕದ ಕೃಷಿ ಇಲಾಖೆಯವರು ಹೀಗೆ ಹೆಕ್ಕುತ್ತ ಹೆಕ್ಕುತ್ತ 1966ರಲ್ಲಿ ‘ಸ್ಮೂತ್‌ಸ್ಟೆಮ್’, ‘ಥಾರ್ನ್‌ಫ್ರೀ’ ಕೊಟ್ಟರು, 1985ರಲ್ಲಿ ‘ಚೆಸ್ಟರ್’, 1996ರಲ್ಲಿ ನಮ್ಮ ಹಿತ್ತಿಲಿನ ‘ಟ್ರಿಪಲ್ ಕ್ರೌನ್’. ಹಳೆಯ ‘ಥಾರ್ನ್‌ಲೆಸ್ ಎವರ್‌ಗ್ರೀನ್’ ಎಂಬುದೊಂದಿದೆ, ಅದರದು ಬೇರೆಯೇ ಕತೆ: ಮುಳ್ಳಿಲ್ಲದಿರುವುದು ಹೊರಪದರಕ್ಕೆ ಮಾತ್ರ. ಬುಡ ಅಗೆಯುವಾಗ ಬೇರಿಗೆ ಗುದ್ದಲಿ ತಾಗಿದರೆ ಅಲ್ಲಿಂದೇಳುವ ಹಿಳ್ಳು ಮೈತುಂಬ ಮುಳ್ಳು ಹೊತ್ತೇ ಬರುತ್ತದೆ.

ಮೊದಲ ಬೇಸಿಗೆ ಬರೀ ಹಸಿರಿನದು. ಜೂನ್ ಕಳೆದರೆ ಇಲ್ಲಿ ಮಳೆ ನಿಂತೇ ಹೋಗುತ್ತದೆ, ವಾರಕ್ಕೆ ಒಂದು ಅಂಗುಲದಷ್ಟು ನೀರು ಹನಿ ಪೈಪಿನಲ್ಲೇ ಇಳಿಯಬೇಕು. ಬುಡದಿಂದ ಹೊಸ ಹಂಬುಗಳು ಏಳುತ್ತವೆ, ತಂತಿಗೆ ಕಟ್ಟಿಸಿಕೊಳ್ಳುತ್ತವೆ. ಹೂವಿಲ್ಲ, ಕಾಯಿಲ್ಲ. “ಗೊಡ್ಡು ಗಿಡ ಕೊಟ್ಟು ಟೋಪಿ ಹಾಕಿದ್ದಾರೆ” ಎಂದು ಅಮ್ಮ ತೀರ್ಪು ಕೊಟ್ಟು ಊರಿಗೆ ಹೊರಡುತ್ತಾರೆ. ಆದರೆ ಬ್ಲ್ಯಾಕ್‌ಬೆರಿಯ ಪಂಚಾಂಗವೇ ಹಾಗೆ: ಬೇರು ವರ್ಷಾನುಗಟ್ಟಲೆ ಬದುಕುತ್ತದೆ, ಹಂಬಿನ ಆಯಸ್ಸು ಮಾತ್ರ ಎರಡೇ ವರ್ಷ. ಮೊದಲ ವರ್ಷ ಬೆಳೆಯುತ್ತದೆ, ಚಳಿಗಾಲದಲ್ಲಿ ಎಲೆಯುದುರಿಸಿ ನಿದ್ದೆ ಮಾಡುತ್ತದೆ, ಎರಡನೆಯ ವರ್ಷ ಹೂಬಿಟ್ಟು ಹಣ್ಣು ಕೊಟ್ಟು ಒಣಗುತ್ತದೆ. ಅಷ್ಟರಲ್ಲಿ ಪಕ್ಕದಲ್ಲೇ ಮುಂದಿನ ವರ್ಷದ ಹಂಬು ಎದ್ದಿರುತ್ತದೆ. ಆರ್ಕನ್ಸಾ ವಿಶ್ವವಿದ್ಯಾಲಯದ ‘ಪ್ರೈಮ್‌-ಆರ್ಕ್ ಫ್ರೀಡಂ’ನಂಥ ಕೆಲವು ಹೊಸ ತಳಿಗಳು ಮಾತ್ರ ಮೊದಲ ವರ್ಷದ ಹಂಬಿನಲ್ಲೇ ಕಾಯಿ ಹಿಡಿಯುತ್ತವೆ.

ಮುಂದಿನ ವರ್ಷ ಅಮ್ಮ ಮತ್ತೆ ಬಂದಾಗ ಬೇಲಿಯೇ ಕಾಣುವುದಿಲ್ಲ. ಮೇ ಕೊನೆಗೆ ತಿಳಿಗುಲಾಬಿ ಬಣ್ಣದ ಐದೆಸಳಿನ ಹೂವು ಗೊಂಚಲು ಗೊಂಚಲಾಗಿ ಅರಳಿ, ಬೆಳಿಗ್ಗೆ ಒಂಬತ್ತಕ್ಕೆಲ್ಲ ದುಂಬಿಗಳ ಗುಂಯ್‌ಗುಡುವಿಕೆ ಅಡುಗೆಮನೆಯವರೆಗೂ ಕೇಳುತ್ತದೆ. ಎಸಳುದುರಿದ ಮೇಲೆ ಹಸಿರು ಗುಂಡಿಗಳು, ಜುಲೈನಲ್ಲಿ ಅವೇ ಕೆಂಪು. ಕೆಂಪಾಯಿತೆಂದು ಕಿತ್ತರೆ ಹುಣಸೆಯನ್ನೂ ಮೀರಿಸುವ ಹುಳಿ. ಆಮೇಲೆ ಕಪ್ಪು. ಇಲ್ಲೇ ಎಲ್ಲರ ಕಣ್ಣು ಮೋಸ ಹೋಗುವುದು: ಮಿರಮಿರ ಮಿಂಚುವ ಕಪ್ಪು ಹಣ್ಣು ಇನ್ನೂ ಪೂರ್ತಿ ಮಾಗಿಲ್ಲ. ಹೊಳಪು ಇಳಿದು ಮೈ ಸ್ವಲ್ಪ ಮಂಕಾಗಬೇಕು, ಬೆರಳು ತಾಗಿಸಿ ತುಸು ಎತ್ತಿದರೆ ತಾನಾಗಿ ಕೈಗೆ ಬೀಳಬೇಕು. ಜಗ್ಗಬೇಕಾಗಿ ಬಂದರೆ ಅದನ್ನು ಇನ್ನೆರಡು ದಿನ ಬಿಡಿ. ಬಿದ್ದ ಹಣ್ಣನ್ನು ತಿರುಗಿಸಿ ನೋಡಿದರೆ ತೊಟ್ಟಿನ ಕಡೆ ಬಿಳಿ ದಿಂಡು ಹಣ್ಣಿನೊಳಗೇ ಉಳಿದಿರುತ್ತದೆ. ರಾಸ್ಪ್‌ಬೆರಿಯಾದರೆ ದಿಂಡು ಗಿಡದಲ್ಲೇ ಉಳಿದು ಹಣ್ಣು ಟೊಳ್ಳಾಗಿ ಬರುತ್ತದೆ. ಬಾಯಲ್ಲಿಟ್ಟರೆ ಬಿಸಿಲಿನ ಬಿಸಿ, ಸಿಹಿ, ಹಿಂದೆಯೇ ತೆಳುವಾದ ಒಗರು, ಕೊನೆಗೆ ಹಲ್ಲಿನ ಸಂದಿಯಲ್ಲಿ ಬೀಜ. ಅಮ್ಮನ ಸೆರಗಿನ ಮೇಲೆ ಬಿದ್ದ ನೇರಳೆ ಕಲೆ ಆ ಸೀರೆ ಹರಿಯುವವರೆಗೂ ಇರುತ್ತದೆ.

ಬಿಸಿಲು ಹೆಚ್ಚಾದರೂ ಕಷ್ಟವೇ. 2021ರ ಜೂನ್ 28ರಂದು ಪೋರ್ಟ್‌ಲ್ಯಾಂಡಿನಲ್ಲಿ 116 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 46 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಹೋಗಿತ್ತು. ಹಂಬಿನಲ್ಲೇ ಹಣ್ಣು ಬೆಂದ ವರ್ಷ ಅದು. ಇನ್ನೊಂದು ಕಾಟ ಡ್ರೊಸೊಫಿಲಾ ಕುಲದ ಪುಟ್ಟ ನೊಣ, ಏಷ್ಯಾದಿಂದ ಬಂದದ್ದು, ಆರೆಗಾನ್‌ನಲ್ಲಿ 2009ರಲ್ಲಿ ಕಂಡಿತು. ಮಾಗುತ್ತಿರುವ ಹಣ್ಣಿಗೇ ಮೊಟ್ಟೆಯಿಡುತ್ತದೆ. ಎರಡು ದಿನಕ್ಕೊಮ್ಮೆ ಬಿಡಿಸಿ, ಕೂಡಲೇ ಫ್ರಿಜ್ಜಿಗಿಡುವುದೇ ಹಿತ್ತಿಲಿನವರಿಗೆ ಸರಳ ಉಪಾಯ.

ಕೊಯ್ಲು ಮುಗಿದ ಮೇಲೆ ಕತ್ತರಿಯ ಸರದಿ. ಅಮ್ಮ ಕೈಗೆ ಕತ್ತರಿ ಸಿಕ್ಕ ಕೂಡಲೇ ತಂತಿಗಿಂತ ಮೇಲೆ ಅಡ್ಡಾದಿಡ್ಡಿ ಹೋದ ಹಸಿರು ಹಂಬಿನ ಬುಡಕ್ಕೆ ಇಟ್ಟಾಗಿತ್ತು. “ಅಮ್ಮಾ, ಅದನ್ನ ಮುಟ್ಟಬೇಡ, ಅದು ಬರೋ ವರ್ಷದ್ದು. ಈ ಕಂದು ಬಣ್ಣದ್ದು ನೋಡು, ಹಣ್ಣು ಕೊಟ್ಟಾಯ್ತು, ಅದನ್ನ ಬುಡಕ್ಕೇ ತೆಗಿ.” ಅಮ್ಮ ಒಂದು ಕ್ಷಣ ನೋಡಿ, “ಹಾಗನ್ನು ಮತ್ತೆ, ಬಾಳೆ ಥರ! ಗೊನೆ ಕೊಟ್ಟಿದ್ದನ್ನ ಕಡಿದು ಕಂದು ಉಳಿಸ್ಕೊಳ್ಳೋದು” ಎಂದವರೇ ಉಳಿದ ಸಾಲನ್ನು ಯಾರನ್ನೂ ಕೇಳದೆ ಮುಗಿಸಿದರು. ಇಷ್ಟು ತಿಳಿದರೆ ಬ್ಲ್ಯಾಕ್‌ಬೆರಿ ಬಂದ ಹಾಗೆಯೇ. ಹೊಸ ಹಂಬಿನ ಕುಡಿಯನ್ನು ಬೇಸಿಗೆಯಲ್ಲೇ ನಾಲ್ಕಡಿಗೆ ಚಿವುಟಿದರೆ ಪಕ್ಕಕ್ಕೆ ಕವಲೊಡೆಯುತ್ತದೆ. ಚಳಿಗಾಲದ ಕೊನೆಗೆ ಆ ಕವಲುಗಳನ್ನು ಒಂದೂವರೆ ಅಡಿಗೆ ಇಳಿಸಿದರೆ ಹಣ್ಣು ದಪ್ಪಗಾಗುತ್ತದೆ.

ಚಿವುಟಲು ಮರೆತ ಒಂದು ಕುಡಿ ಬೇಲಿಯಿಂದ ಬಾಗಿ ನೆಲ ಮುಟ್ಟಿ ಅಲ್ಲೇ ಬೇರು ಬಿಟ್ಟಿತ್ತು. ತುದಿ ಮಣ್ಣಿಗೆ ಹೊಕ್ಕಲ್ಲಿ ಬಿಳಿ ಎಳೆಗಳು, ಒಂದು ಹೊಸ ಮೊಗ್ಗು. ಕತ್ತರಿಸಿ ಕುಂಡಕ್ಕೆ ಹಾಕಿದರೆ ಖರ್ಚಿಲ್ಲದ ಸಸಿ. ಅದನ್ನು ಕಂಡ ಅಮ್ಮನ ಕಣ್ಣು ಸೂಟ್‌ಕೇಸಿನ ಕಡೆ ಹೋದದ್ದು ಸಹಜವೇ. ಹೀಗೆ ಒದ್ದೆ ಕಾಗದದಲ್ಲಿ ಸುತ್ತಿಕೊಂಡು ಹೊರಡುವ ಆಸೆ ಇದ್ದರೆ ದಯವಿಟ್ಟು ಬೇಡ. ಆಮದು ಪರವಾನಗಿ ಮತ್ತು ರೋಗರಹಿತವೆಂಬ ಪ್ರಮಾಣಪತ್ರವಿಲ್ಲದೆ ಭಾರತಕ್ಕೆ ಸಸಿ ತರುವುದಕ್ಕೆ 2003ರ ಸಸ್ಯ ಕ್ವಾರಂಟೈನ್ ಆದೇಶ ಅಡ್ಡ ಬರುತ್ತದೆ. ತಂದರೂ ಈ ಗಿಡಕ್ಕೆ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿ ನೂರಾರು ಗಂಟೆ ಬೇಕು, ತೀರ್ಥಹಳ್ಳಿಯ ಜನವರಿ ಅಷ್ಟನ್ನು ಕೊಡುವುದಿಲ್ಲ. ಬೇಕಿದ್ದರೆ ಜಾಮ್ ಮಾಡಿ ಬಾಟಲಿ ತನ್ನಿ, ಕೈಚೀಲದಲ್ಲಲ್ಲ, ಚೆಕ್‌-ಇನ್ ಪೆಟ್ಟಿಗೆಯಲ್ಲಿ.