ಶಾಕಪ್ ಎಣ್ಣೆ ಸೋರಿದರೆ ತಪ್ಪು ಸೀಲಿನದೇ?

ಬೈಕಿನ ಮುಂದಿನ ಶಾಕಪ್‌ನಲ್ಲಿ ಎಣ್ಣೆ ಜಿನುಗತೊಡಗಿದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಎಲ್ಲರ ಬಾಯಲ್ಲೂ ಬರುವುದು ಒಂದೇ ಮಾತು: ಸೀಲ್ ಹೋಗಿದೆ, ಹೊಸದು ಹಾಕಿಸಬೇಕು. ಯಾಕೆ ಹೋಯಿತು ಎಂದರೆ ರಸ್ತೆಯ ಗುಂಡಿಗಳ ಕಡೆ ಕೈ ತೋರಿಸುತ್ತಾರೆ. ಎರಡೂ ಅರ್ಧ ಸತ್ಯ. ಎಣ್ಣೆ ಹೊರಬರುವುದು ಸೀಲಿನಿಂದಲೇ, ನಿಜ. ಆದರೆ ಬಹಳ ಸಲ ಮೂಲ ಕಾರಣ ಅದರ ತುಟಿಯಲ್ಲಿ ಸಿಕ್ಕ ಮಣ್ಣು, ಇಲ್ಲವೇ ಗೀರು ಬಿದ್ದ ಪೈಪು. ಅವನ್ನು ನೋಡದೆ ಸೀಲಷ್ಟೇ ಬದಲಿಸಿದರೆ ಕೆಲವೇ ದಿನಗಳಲ್ಲಿ ಹೊಸ ಸೀಲೂ ಸೋರುತ್ತದೆ, ಕೊಟ್ಟ ಹಣ ನೀರುಪಾಲು.

ಶಾಕಪ್‌ನ ಕೆಳಗಿನ ಅಲ್ಯೂಮಿನಿಯಂ ಕೊಳವೆ ಕ್ರೋಮ್ ಪೈಪಿನ ಮೇಲೆ ಏರಿಳಿಯುತ್ತದೆ. ಕೊಳವೆಯ ಬಾಯಲ್ಲಿ ಕೂತ ಆಯಿಲ್ ಸೀಲಿನ ರಬ್ಬರ್ ತುಟಿಯನ್ನು ಸಣ್ಣದೊಂದು ಸುರುಳಿ ಸ್ಪ್ರಿಂಗ್ ಪೈಪಿಗೆ ಒತ್ತಿ ಹಿಡಿದಿರುತ್ತದೆ. ಅದರ ಮೇಲೆ ಧೂಳಿಗೆ ಅಡ್ಡವಾಗಿ ಡಸ್ಟ್ ಸೀಲ್. ಗುಂಡಿಯ ಹೊಡೆತ ತಾಳಿಕೊಳ್ಳುವುದು ಶಾಕಪ್‌ನ ಕೆಲಸವೇ. ಪೈಪು ಬಾಗುವಷ್ಟು ಜೋರಾದ ಪೆಟ್ಟು ಬಿದ್ದರೆ ಮಾತ್ರ ಅದು ಸೀಲಿಗೆ ಕುತ್ತಾಗುತ್ತದೆ. ಈ ಭಾಗದಲ್ಲಿ ಅದಕ್ಕಿಂತ ದೊಡ್ಡ ಶತ್ರು ಎರೆಮಣ್ಣು. ಹಿಂಗಾರಿ ಬಿತ್ತನೆಯ ಹೊತ್ತಿಗೆ ಡೋಣಿ ನದಿ ಸಾಲಿನ ಹೊಲದ ದಾರಿಯಲ್ಲಿ ಹೋಗಿಬಂದ ಗಾಡಿಯ ಪೈಪನ್ನು ನೋಡಿ: ಹಸಿಯಾಗಿ ಮೆತ್ತಿಕೊಂಡ ಮಣ್ಣು ಬಿಸಿಲಿಗೆ ಒಣಗಿ ಗಟ್ಟಿ ಪದರಾಗಿರುತ್ತದೆ, ಅದರಲ್ಲಿ ಮರಳು, ಸುಣ್ಣದ ಹರಳುಗಳೂ ಬೆರೆತಿರುತ್ತವೆ. ಬ್ರೇಕ್ ಒತ್ತಿದಾಗಲೆಲ್ಲ ಸೀಲು ಆ ಪದರಿನ ಮೇಲೇ ಹಾದುಹೋಗಬೇಕು. ಎರೆಮಣ್ಣು ನೀರನ್ನು ಬೇಗ ಬಿಟ್ಟುಕೊಡುವುದಿಲ್ಲ. ಅಂಟಿದ ಕಡೆ ತೇವ ಉಳಿದು, ಕೂದಲಿಗಿಂತ ತೆಳುವಾದ ಕ್ರೋಮ್ ಲೇಪದ ಕೆಳಗೆ ತುಕ್ಕು ಹಿಡಿಯುತ್ತದೆ.

ಸೀಲ್ ಬದಲಿಸಿದ ಮೇಲೆ ಸೋರಿಕೆ ನಿಂತಿತಲ್ಲ, ಹಾಗಾದರೆ ಸೀಲೇ ಕೆಟ್ಟಿರಬೇಕಲ್ಲವೇ ಎಂದು ಕೇಳಬಹುದು. ಬದಲಿಸುವಾಗ ಮಿಸ್ತ್ರಿ ಒಳಗಿನ ಕೊಳೆಯನ್ನೂ ಒರೆಸಿ ತೆಗೆದಿರುತ್ತಾನೆ, ಆದ್ದರಿಂದ ಸೋರಿಕೆ ನಿಂತದ್ದು ಯಾವುದರಿಂದ ಎಂದು ಅಷ್ಟರಿಂದಲೇ ಹೇಳಲಾಗದು. ಪರೀಕ್ಷೆ ಸುಲಭ. ಪೈಪನ್ನು ಒದ್ದೆ ಬಟ್ಟೆಯಿಂದ ಒರೆಸಿ, ಡಸ್ಟ್ ಸೀಲನ್ನು ನಾಜೂಕಾಗಿ ಮೇಲಕ್ಕೆ ಸರಿಸಿ. ತಂಪು ಪಾನೀಯದ ಬಾಟಲಿಯಿಂದ ಕತ್ತರಿಸಿದ ತೆಳು ಪ್ಲಾಸ್ಟಿಕ್ ಪಟ್ಟಿಯನ್ನು ಪೈಪಿಗೂ ಸೀಲಿನ ತುಟಿಗೂ ನಡುವೆ ತೂರಿಸಿ, ಸುತ್ತಲೂ ಆಡಿಸಿ ಎಳೆಯಿರಿ. ಕಪ್ಪು ಕೆಸರು ಪಟ್ಟಿಗೆ ಅಂಟಿ ಬರುತ್ತದೆ. ಒರೆಸಿ, ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲ್ಲನ್ನು ಹತ್ತಾರು ಸಲ ಕೆಳಕ್ಕೆ ಅದುಮಿ ನೋಡಿ. ಪೈಪಿನ ಮೇಲೆ ತೆಳ್ಳಗೆ ಎಣ್ಣೆಯ ಪಸೆ ಕಂಡರೆ ಚಿಂತೆಯಿಲ್ಲ. ಮತ್ತೆ ಎಣ್ಣೆಯ ಉಂಗುರ ಮೂಡಿ ಇಳಿಯತೊಡಗಿದರೆ ಪೈಪಿನ ಉದ್ದಕ್ಕೂ ಉಗುರು ಆಡಿಸಿ. ಉಗುರು ತಡೆದ ಕಡೆ ಗೀರೋ ತುಕ್ಕಿನ ಕುಳಿಯೋ ಇದೆ ಎಂದರ್ಥ. ಎದ್ದುನಿಂತ ಸಣ್ಣ ಮುಳ್ಳನ್ನು ನಯವಾದ ಎಮರಿ ಕಾಗದದಿಂದ ಸವರಿ ತೆಗೆಯಬಹುದು. ಸೀಲು ಓಡಾಡುವ ಜಾಗದಲ್ಲೇ ಆಳವಾದ ಕುಳಿಗಳಿದ್ದರೆ ಪೈಪಿಗೆ ಮರುಕ್ರೋಮ್ ಮಾಡಿಸಬೇಕು, ಇಲ್ಲವೇ ಪೈಪನ್ನೇ ಬದಲಿಸಬೇಕು. ರಬ್ಬರು ಹಳತಾಗಿ ಬಿರುಸಾಗಿದ್ದರೆ, ತುಟಿ ಹರಿದಿದ್ದರೆ ಸೀಲ್ ಬದಲಿಸಲೇಬೇಕು. ಆಗ ಎರಡೂ ಬದಿಯವನ್ನು ಒಟ್ಟಿಗೇ ಬದಲಿಸುವುದು ಒಳ್ಳೆಯದು.

ದಪ್ಪ ಎಣ್ಣೆ ಹಾಕಿದರೆ ಸೋರುವುದಿಲ್ಲ ಎಂಬ ನಂಬಿಕೆ ಇನ್ನೂ ಹಾನಿಕರ. ಹರಿದ ತುಟಿಯನ್ನು ದಪ್ಪ ಎಣ್ಣೆ ಹೊಲಿಯುವುದಿಲ್ಲ. ಶಾಕಪ್ ಬಿಗಿಯಾಗಿ, ಉಬ್ಬುತಗ್ಗಿನಲ್ಲಿ ಚಕ್ರ ನೆಲ ಬಿಟ್ಟು ಜಿಗಿಯುತ್ತದೆ. ಸೋರಿದರೂ ಉಳಿಯಲಿ ಎಂದು ಹೆಚ್ಚು ಸುರಿದರೆ ಮೇಲಿನ ಗಾಳಿಗೆ ಜಾಗ ಕಡಿಮೆಯಾಗಿ, ಅದುಮಿದಾಗ ಒತ್ತಡ ಏರಿ ಎಣ್ಣೆ ಸೀಲನ್ನೇ ನೂಕುತ್ತದೆ. ಕಂಪನಿ ಹೇಳಿದ ಎಣ್ಣೆಯನ್ನು ಎರಡೂ ಬದಿಗೆ ಅಳೆದು ಸಮನಾಗಿ ಹಾಕಬೇಕು. ಮಣ್ಣು ತಡೆಯಲು ಪೈಪಿಗೆ ರಬ್ಬರ್ ಬೂಟ್ ತೊಡಿಸುವುದು ಒಳ್ಳೆಯದೇ, ಆದರೆ ಹರಿದ ಬೂಟಿನೊಳಗೆ ಕೆಸರು ತುಂಬಿಕೊಂಡರೆ ತುಕ್ಕು ಕಣ್ಣಿಗೆ ಬೀಳದೆ ಬೆಳೆಯುತ್ತದೆ.

ಎಣ್ಣೆ ಜಿನುಗಿದರೇನು, ಗಾಡಿ ಓಡುತ್ತದಲ್ಲ ಎನ್ನುವವರು ಡಿಸ್ಕ್ ಬ್ರೇಕ್ ಇರುವ ಗಾಡಿಯಲ್ಲಂತೂ ಹಾಗೆ ಬಿಡಬಾರದು. ಕೆಳಗಿಳಿದ ಎಣ್ಣೆ ಡಿಸ್ಕನ್ನೂ ಬ್ರೇಕ್ ಪ್ಯಾಡನ್ನೂ ಮುಟ್ಟಿದರೆ ಬ್ರೇಕ್ ಹಿಡಿಯುವುದಿಲ್ಲ. ಎಣ್ಣೆ ಕುಡಿದ ಪ್ಯಾಡನ್ನು ಒರೆಸಿ ಮತ್ತೆ ಹಾಕದೆ, ಸೋರಿಕೆ ನಿಲ್ಲಿಸಿದ ಮೇಲೆ ಡಿಸ್ಕ್ ತೊಳೆದು ಹೊಸ ಪ್ಯಾಡ್ ಹಾಕಿಸಬೇಕು.